ಯಾರು ಯಾವ ಗದ್ದೆಯಲ್ಲಿ

ಸುರಕ್ಷಾ ಒಮ್ಮೆ ಹಟ ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಬಿಡುವ ಹೆಂಗಸಲ್ಲ. ಆ ಗುರುವಾರ ಬೆಳಿಗ್ಗೆ ತೆಕ್ಕಟ್ಟೆಯ ಆಫೀಸಿನ ನಡುವೆ ನಿಂತು, ಯಜಮಾನನ ಮುಖ ನೋಡಿ ಅವಳು ಹೇಳಿದ್ದು ಇಷ್ಟು:

"ಅಕ್ಷಿತಾನ್ನ ಕೆಲ್ಸದಿಂದ ತೆಗುದಾರೆ ಸಂಜಿ ನಾಲ್ಕ್ ಗಂಟಿ ಮೇಲೆ ತೆಗೀನಿ ಉಲ್ಲಾಸಣ್ಣ. ಅಷ್ಟರೊಳ್ಗೆ ಇದ್ ಹ್ಯಾಂಗ್ ಆಯ್ತ್ ಅಂದೇಳಿ ನಾನ್ ಹುಡ್ಕತೆ. ಮತ್ತೊಬ್ರ್ ಕೈ ಇದ್ರಗ್ ಇದ್ರೆ, ಅದ್ ಯಾರದ್ದೇ ಆಯ್ಲಿ, ಇದೇ ಜಾಗದಗ್ ನಿತ್ಕಂಡ್ ಎಲ್ರ್ ಎದ್ರಿಗ್ ಹೆಸ್ರ್ ಹೇಳ್ತೆ."

ಉಲ್ಲಾಸ ಶೆಟ್ಟಿ ಗಡಿಯಾರ ನೋಡಿದ. "ಆಯ್ತ್. ನಾಲ್ಕ್ ಗಂಟಿ. ಕೆಲ್ಸ ಹಾಳ್ ಮಾಡಿದವ್ರ್ ಈ ಆಫೀಸಗ್ ಇಪ್ಪುಕಾಗ. ಅದ್ ಯಾರೇ ಆಯ್ಲಿ" ಎಂದು ಹೇಳಿ ತನ್ನ ಗಾಜಿನ ಕೋಣೆಗೆ ಹೋದ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಅಕ್ಷಿತಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

ಏನು ಕೆಲಸ, ಏನು ಹಾಳು ಎನ್ನುವುದನ್ನು ಮೊದಲಿಂದ ಹೇಳಬೇಕು, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಆ ಆಫೀಸು ಇರುವುದು ಹೆದ್ದಾರಿಯ ಬದಿಯ ಒಂದು ಸಿಮೆಂಟು ಅಂಗಡಿಯ ಮಾಳಿಗೆಯಲ್ಲಿ. ಹಳೆಯ ಕೈಬರಹದ ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ. ಉಲ್ಲಾಸನ ಮನೆತನದವರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಾರೆ. ಅಣ್ಣಂದಿರಿಗೆ ಇಡ್ಲಿಸಾಂಬಾರಿನ ಚಿಂತೆ, ಇವನೊಬ್ಬನಿಗೆ ಅಕ್ಷರದ ಹುಚ್ಚು. ಟೈಪು ಮಾಡಲು ಆರು ಮಂದಿ ಹೆಂಗಸರು. ಆರು ಮೇಜು, ಆರು ಪರದೆ, ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ಅದೇ ಸರ್ವರು, ಅಪ್ಪಣೆಯ ಸಾಲು ಟೈಪು ಮಾಡಿ ಕೆಲಸ ಮಾಡಿಸುವ ಯುನಿಕ್ಸ್ ಜಾತಿಯದು. ಆರು ಮಂದಿಯೂ ತಮ್ಮ ತಮ್ಮ ಪರದೆಯಿಂದ ಆ ಒಂದೇ ಪೆಟ್ಟಿಗೆಯೊಳಗೆ ಹೊಕ್ಕು ಕೆಲಸ ಮಾಡುವುದು. ಪೆಟ್ಟಿಗೆಯನ್ನು ನೋಡಿಕೊಳ್ಳುವವಳು ಸುರಕ್ಷಾ.

ಸುರಕ್ಷಾಳ ತವರು ಕೊಲ್ಲೂರು. ಅಪ್ಪ ದೇವಸ್ಥಾನದ ಹತ್ತಿರ ಯಾತ್ರಿಕರ ಚಪ್ಪಲಿ ಕಾಯುತ್ತಿದ್ದವರು. ಸಾವಿರ ಜೊತೆ ಚಪ್ಪಲಿಯ ನಡುವೆ ಯಾರದು ಯಾವ ಗೂಡಿನಲ್ಲಿದೆ ಎಂದು ಚೀಟಿ ನೋಡದೆ ಹೇಳುವಷ್ಟು ಚುರುಕು ಆ ಮನುಷ್ಯನಿಗೆ. ಮಗಳಿಗೂ ಅದೇ ಬುದ್ಧಿ ಬಂದಿತ್ತು. ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಮೇಲೆ ದಿನಾ ಬಸ್ಸಿನಲ್ಲಿ ತೆಕ್ಕಟ್ಟೆಗೆ ಓಡಾಡುತ್ತ ಹತ್ತು ವರ್ಷದಿಂದ ಆ ಪೆಟ್ಟಿಗೆಯನ್ನು ಸಾಕಿದ್ದಳು.

ಪೆಟ್ಟಿಗೆಯೊಳಗೆ ಕಡತಗಳನ್ನಿಡುವ ಡೈರೆಕ್ಟರಿಗಳಿರುತ್ತವೆ. ಹೊಸಬರಿಗೆ ಸುರಕ್ಷಾ ಕಲಿಸುವಾಗ ಅದಕ್ಕೆ 'ಕೋಣೆ' ಎನ್ನುತ್ತಾಳೆ. ಒಳಗೆ ಹೊಕ್ಕವರು ಯಾವ ಹೊತ್ತಿನಲ್ಲೂ ಯಾವುದಾದರೂ ಒಂದು ಕೋಣೆಯಲ್ಲಿ ನಿಂತೇ ಇರುತ್ತಾರೆ, ಎರಡರ ನಡುವೆ ನಿಲ್ಲುವ ಹಾಗಿಲ್ಲ. ಕೊಟ್ಟ ಅಪ್ಪಣೆ ತಾಗುವುದೂ ನಿಂತ ಕೋಣೆಗೇ. ಪ್ರತಿಯೊಬ್ಬರಿಗೂ ಕರಡು ಪ್ರತಿ ಇಟ್ಟುಕೊಳ್ಳಲು ಸ್ವಂತದ್ದೊಂದು ಕೋಣೆ ಇತ್ತು. ಸಂಜೆ ಐದಕ್ಕೆ ಅದನ್ನು ಗುಡಿಸಿ ಮನೆಗೆ ಹೋಗಬೇಕು. ಗುಡಿಸುವುದೆಂದರೆ ಒಂದೇ ಸಾಲು ಟೈಪು ಮಾಡುವುದು: ಇಲ್ಲಿರುವುದನ್ನೆಲ್ಲ ಅಳಿಸು. ಆ ಸಾಲು ಕಲಿಸಿದವಳೂ ಸುರಕ್ಷಾಳೇ. ಚಿಕ್ಕ ಸಾಲು, ಬೇಗ ಮುಗಿಯುತ್ತದೆ, ಐದೂ ಐದರ ಬಸ್ಸು ತಪ್ಪುವುದಿಲ್ಲ.

ಮೊದಲೆಲ್ಲ ಪರದೆಯ ಮೇಲೆ ಪ್ರತಿ ಸಾಲಿನ ಮುಂದೆ ನಿಂತ ಕೋಣೆಯ ಹೆಸರು ಕಾಣುತ್ತಿತ್ತು. ಅದು ಉದ್ದವಾಯಿತು, ಕಣ್ಣಿಗೆ ಕಿರಿಕಿರಿ ಎಂದು ಜಲಜಕ್ಕ ಗೊಣಗಿದರು. ಜಲಜಕ್ಕ ಆರು ಮಂದಿಯಲ್ಲಿ ಹಿರಿಯರು, ಐವತ್ತು ದಾಟಿದವರು. ಅವರ ಮಾತು ತೆಗೆದುಹಾಕುವುದು ಹೇಗೆ ಎಂದು ಸುರಕ್ಷಾ ಕೋಣೆಯ ಹೆಸರನ್ನು ಕಿತ್ತುಹಾಕಿ ಬರೀ ಅವರವರ ಹೆಸರು ಉಳಿಸಿದಳು. "ಎಲ್ಲಿದ್ರಿ ಅಂದೇಳಿ ಬೇಕಾರೆ ಪಿಡಬ್ಲ್ಯೂಡಿ ಅಂದ್ ಹೊಡೀನಿ, ಅದೇ ಹೇಳತ್ತ್" ಎಂದಳು. "ಪಿಡಬ್ಲ್ಯೂಡಿ ಅಂದ್ರೆ ರಸ್ತಿ ಮಾಡು ಇಲಾಖಿ ಅಲ್ದಾ ಮಾರಾಯ್ತಿ?" ಎಂದು ಜಲಜಕ್ಕ ನಗೆಯಾಡಿದರು. ಎಲ್ಲರೂ ನಕ್ಕರು. ಆಮೇಲೆ ಅದನ್ನು ಹೊಡೆದು ನೋಡಿದವರು ಒಬ್ಬರೂ ಇಲ್ಲ.

ಇನ್ನೊಂದು ಸಂಗತಿ. ಆ ಆಫೀಸಿನಲ್ಲಿ ಎದ್ದು ಹೋಗುವಾಗ ಪರದೆಗೆ ಬೀಗ ಹಾಕುವ ಪದ್ಧತಿ ಇಲ್ಲ. ಹಾಕಿದರೆ ಅವಮಾನ. ಹಗಲುಹೊತ್ತು ಅಕ್ಕಪಕ್ಕದವರಿರುವಾಗ ಮನೆ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತ ಹಾಗೆ ಅದು. ಹೊಸದರಲ್ಲಿ ಒಬ್ಬ ಹುಡುಗಿ ಬೀಗ ಹಾಕಿ ಚಾಕ್ಕೆ ಹೋದದ್ದಕ್ಕೆ, "ಎಂತ, ನಾವ್ ಎಂತ ಕದುವರಾ?" ಎಂದು ಉಳಿದವರು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದರು. ಹೀಗಾಗಿ ಯಾರ ಪರದೆಯ ಮುಂದೆ ಯಾರು ಬೇಕಾದರೂ ನಿಲ್ಲಬಹುದಿತ್ತು. ಬಾವಿಕಟ್ಟೆಯಲ್ಲಿ ಒಬ್ಬರ ಹಗ್ಗ ಇನ್ನೊಬ್ಬರು ಹಿಡಿದ ಹಾಗೆ ನಡೆದುಹೋಗುತ್ತಿತ್ತು.

ಇನ್ನು ಚಂದಯ್ಯಜ್ಜನ ವಿಷಯ. ಅಮಾಸೆಬೈಲಿನವರು, ಎಂಬತ್ತೆರಡು ವರ್ಷ. ಒಂದು ಕಾಲದಲ್ಲಿ ಅಲ್ಲಿಯ ದೊಡ್ಡ ಮನೆಯೊಂದರಲ್ಲಿ ಬೇಸಾಯದ ಮೇಲ್ವಿಚಾರಣೆ ಅವರದು. ಆ ಬೈಲಿನ ಒಂದೊಂದು ಗದ್ದೆಗೂ ಒಂದೊಂದು ಹೆಸರು. ಯಾಕೆ ಆ ಹೆಸರು ಬಂತು, ನೀರು ಎಲ್ಲಿಂದ ಇಳಿಯುತ್ತದೆ, ಯಾರು ಯಾವಾಗ ಬಿಟ್ಟುಕೊಟ್ಟದ್ದು, ಎಲ್ಲ ಅವರು ನಾಲ್ಕು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಉಲ್ಲಾಸನಿಗೆ ಅದನ್ನು ಅಚ್ಚು ಮಾಡಿಸುವ ಆಸೆ. ಅಜ್ಜ ಪುಸ್ತಕ ಕೊಡಲು ಒಪ್ಪಿದ್ದು ಅಕ್ಷಿತಾಳ ಮುಖ ನೋಡಿ. ಅವಳು ಅದೇ ಊರಿನ ಹುಡುಗಿ, ಅವರ ಮನೆಯ ಕೆಳಗಿನ ಮನೆಯವಳು. ಟೈಪು ಮುಗಿದ ಮೇಲೆ ಸೋಮವಾರ, ಮಂಗಳವಾರ, ಬುಧವಾರ ಅಜ್ಜನೇ ಬಸ್ಸು ಹತ್ತಿ ಬಂದು ಅಕ್ಷಿತಾಳ ಪಕ್ಕ ಕೂತರು. ಅವಳು ಓದುವುದು, ಅವರು ತಿದ್ದುವುದು. ಪುಸ್ತಕದಲ್ಲಿ ಎರಡು ಸಾಲಿದ್ದಲ್ಲಿ ಅಜ್ಜ ಬಾಯಿಮಾತಿನಲ್ಲಿ ಇಪ್ಪತ್ತು ಸಾಲು ಸೇರಿಸಿದರು. ಒಂದೊಂದು ಗದ್ದೆಗೆ ಒಂದೊಂದು ಕಡತ. ಎಲ್ಲವೂ 'ತಿದ್ದುಪಡಿ' ಎಂಬ ಕೋಣೆಯಲ್ಲಿ ಸೇರುತ್ತ ಬಂತು.

ಆ ಮೂರು ದಿನ ಆಫೀಸಿಗೆ ಹಬ್ಬ. ಸುರಕ್ಷಾ ಪೆಟ್ಟಿಗೆಯಲ್ಲಿ ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ನೋಡುತ್ತಿದ್ದಾಗ ಅಜ್ಜ ಹಿಂದೆ ಬಂದು ನಿಂತು, "ಎಂತ ಅದ್?" ಎಂದರು. ಅವಳು ಹೇಳಿದಳು. ಅಜ್ಜನಿಗೆ ಬಹಳ ಖುಷಿಯಾಯಿತು.

"ನಂದೂ ಅದೇ ಕೆಲ್ಸ ಆಯಿತ್ತ್ ಕಾಣ್ ಮಗಾ. ನಲ್ವತ್ತ್ ಆಳ್, ಯಾರ್ ಯಾವ ಗದ್ದಿಲಿ ಅಂದೇಳಿ ನಂಗ್ ಗೊತ್ತಿರ್ಕ್. ನಾನ್ ಒಂದ್ ಕ್ರಮ ಮಾಡಿದ್ದೆ. ಗದ್ದಿಗ್ ಇಳುಕಿಂತ ಮುಂಚೆ ಗದ್ದಿ ಹೆಸ್ರ್ ಕೂಗಿಯೇ ಇಳಿಕ್. ಕೂಗದೆ ಇಳ್ದವ ಕಳಿ ಅಂದೇಳಿ ಸಸಿಯನ್ನೇ ಕಿತ್ತ್ ಹಾಕ್ತ."

"ಲಾಯ್ಕ್ ಇತ್ತ್ ಅಜ್ಜ ನಿಮ್ಮ ಕ್ರಮ" ಎಂದು ಸುರಕ್ಷಾ ನಕ್ಕಳು. ನಕ್ಕು ಮರೆತಳು.

ಬುಧವಾರ ಸಂಜೆ ಐದೂ ಇಪ್ಪತ್ತಕ್ಕೆ ನೋಡಿದರೆ ತಿದ್ದುಪಡಿ ಕೋಣೆ ಖಾಲಿ. ಒಂದು ಕಡತವಿಲ್ಲ. ಪೆಟ್ಟಿಗೆಯ ನಕಲು ತೆಗೆದಿಡುವುದು ಶನಿವಾರಕ್ಕೊಮ್ಮೆ, ಹಾಗಾಗಿ ಟೈಪು ಮಾಡಿದ್ದು ಉಳಿದಿತ್ತು. ಹೋದದ್ದು ಅಜ್ಜನ ಮೂರು ದಿನದ ಮಾತು. ಅದು ಪುಸ್ತಕದಲ್ಲೂ ಇಲ್ಲ, ನಕಲಿನಲ್ಲೂ ಇಲ್ಲ. ಸುರಕ್ಷಾ ಯಾವ ಪರದೆಯಿಂದ ಅಳಿಸುವ ಸಾಲು ಹೋಗಿದೆ ಎಂದು ಹುಡುಕಿದಳು. ಐದು ಗಂಟೆ ಎರಡು ನಿಮಿಷ, ಅಕ್ಷಿತಾಳ ಪರದೆ. ಕೊನೆಯ ಸಾಲು ಮಾತ್ರ ನೋಡಿದಳು. ಅದರ ಹಿಂದಿನ ಸಾಲು ನೋಡುವ ತಾಳ್ಮೆ ಅವಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ. ಓಡಿ ಹೋಗಿ ಉಲ್ಲಾಸನಿಗೆ ಹೇಳಿದಳು. ಉಲ್ಲಾಸ ಕೂಡಲೇ ಅಕ್ಷಿತಾಳ ಹೆಸರಿನ ಬಾಗಿಲು ಮುಚ್ಚಿಸಿದ.

ಗುರುವಾರ ಬೆಳಿಗ್ಗೆ ಬಂದ ಅಕ್ಷಿತಾಳಿಗೆ ಪರದೆ ತೆರೆಯಲೇ ಇಲ್ಲ. ಉಲ್ಲಾಸ ಎಲ್ಲರೆದುರು ಕೂಗಾಡಿದ. "ನಿನ್ನೆ ಸಂಜಿ ತನ್ಕ ಇನ್ನೂರಾ ಹದ್ನಾಲ್ಕ್ ಗದ್ದಿ ಆಯ್ತ್ ಅಂದೇಳಿ ಸುರಕ್ಷಾ ಮೆಸೇಜ್ ಕಳ್ಸಿದ್ರ್. ಅರ್ಧ ಗಂಟಿಲಿ ಇನ್ನೂರಾ ಹದ್ನಾಲ್ಕೂ ನುಂಗದ್ಯಲ್ಲ ನೀನ್!"

"ನಾನ್ ನನ್ನ್ ಕೋಣಿಯನ್ನೇ ಗುಡ್ಸದ್ದ್ ಅಣ್ಣ. ಮೂಕಾಂಬಿಕಿ ಆಣೆ. ಅಜ್ಜ ಹೋದ್ಮೇಲೆ ಬೇರೆ ಕೋಣಿಗ್ ನಾನ್ ಹೋಯ್ಲೇ ಇಲ್ಲ" ಎಂದು ಅಕ್ಷಿತಾ ಅತ್ತಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಅಮಾಸೆಬೈಲಿನಲ್ಲಿ ಇನ್ನು ಅವಳು ಮುಖ ತೋರಿಸುವುದು ಹೇಗೆ? ನಂಬಿ ಬಂದ ಚಂದಯ್ಯಜ್ಜನ ಮಾತನ್ನು ಕಸದ ಜೊತೆ ಗುಡಿಸಿ ಹಾಕಿದವಳು ಎಂಬ ಹೆಸರು ಸಾಯುವವರೆಗೂ ಅಂಟಿಕೊಳ್ಳುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅದು ಎಲ್ಲರಿಗೂ ತಿಳಿದಿತ್ತು.

ಸುರಕ್ಷಾ ಬೆಂಚಿನ ಕಡೆ ನೋಡಿದಳು. ತಾನು ಹೇಳಿದ್ದರಿಂದಲೇ ತಾನೇ ಈ ಹುಡುಗಿ ಬೆಂಚಿನ ಮೇಲೆ ಕೂತದ್ದು? ಮೂರು ವರ್ಷದಲ್ಲಿ ಒಂದು ಅಕ್ಷರ ತಪ್ಪದವಳು ತಾನು ನಿಂತ ಜಾಗ ತಪ್ಪುತ್ತಾಳೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಈ ಊರಿನಲ್ಲಿ ಹೊಸತಲ್ಲ, ಆದರೆ ತನ್ನ ಕೈಯಿಂದ ಬರೆ ಬೀಳಬಾರದು. ಹಾಗಾಗಿಯೇ ಅವಳು ನಾಲ್ಕು ಗಂಟೆಯ ಗಡುವು ಕೇಳಿದ್ದು.

ಅವಳ ಹತ್ತಿರ ಒಂದು ಪಟ್ಟಿ ಇತ್ತು. ಶನಿವಾರ ನಕಲು ತೆಗೆದ ಡಿಸ್ಕನ್ನು ಪೆಟ್ಟಿಗೆಯಿಂದ ಬಿಡಿಸಲು ಹೋದರೆ, ಯಾರೋ ಒಳಗಿದ್ದಾರೆ, ಬಿಡುವುದಿಲ್ಲ ಎಂದು ಪೆಟ್ಟಿಗೆ ತಗಾದೆ ಮಾಡುತ್ತಿತ್ತು. ಕೇಳಿದರೆ "ನಾನಲ್ಲ, ನಾನಲ್ಲ" ಎಂದು ಆರು ಮಂದಿಯೂ ಹೇಳುತ್ತಿದ್ದರು. ಬರೀ ಯಾರು ಒಳಗೆ ಬಂದಿದ್ದಾರೆ ಎಂದು ನೋಡಿದರೆ ಸಾಲದು, ಎಲ್ಲಿ ನಿಂತಿದ್ದಾರೆ ಎಂದೂ ತಿಳಿಯಬೇಕು. ಯುನಿಕ್ಸಿನಲ್ಲಿ ನಡೆಯುವ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯ ಬೆನ್ನು ಹಿಡಿದರೆ ಅದು ಯಾವ ಡೈರೆಕ್ಟರಿಯಲ್ಲಿ ಕಾಲೂರಿದೆ ಎಂದು ಪೆಟ್ಟಿಗೆಯೇ ಹೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೀಗೆ ಎಲ್ಲರ ಜಾಗವನ್ನು ತಾನಾಗಿಯೇ ಬರೆದಿಡುವ ಹಾಗೆ ಸುರಕ್ಷಾ ಮಾಡಿದ್ದಳು. ಅಪ್ಪನ ಚಪ್ಪಲಿ ಚೀಟಿಯೇ ಅದು.

ಹತ್ತೂವರೆಗೆ ಆ ಪಟ್ಟಿ ತೆರೆದಳು. ಬುಧವಾರ, ನಾಲ್ಕೂವರೆ: ಅಕ್ಷಿತಾ ಅವಳ ಸ್ವಂತ ಕೋಣೆಯಲ್ಲಿ. ನಾಲ್ಕೂ ನಲವತ್ತು: ಅಕ್ಷಿತಾ ತಿದ್ದುಪಡಿ ಕೋಣೆಯಲ್ಲಿ. ನಾಲ್ಕೂ ಐವತ್ತು, ಐದು: ಅಲ್ಲೇ.

ಸುರಕ್ಷಾ ಬೆಂಚಿನ ಹತ್ತಿರ ಹೋದಳು. "ನಿನ್ನೆ ನಾಲ್ಕೂವರಿಂದ ನಾಲ್ಕೂ ನಲ್ವತ್ತರೊಳ್ಗೆ ಎಲ್ಲಿದ್ದೆ ನೀನ್?"

ಅಕ್ಷಿತಾ ಯೋಚಿಸಿ ಹೇಳಿದಳು. "ಅಜ್ಜನ್ನ ಬಸ್ಸಿಗ್ ಹತ್ಸುಕ್ ಹೋಯಿದ್ದೆ ಅಕ್ಕ. ಹೆದ್ದಾರಿ ದಾಂಟ್ಸುಕೇ ಹತ್ತ್ ನಿಮಿಷ ಆಯ್ತ್. ನಾಲ್ಕೂ ಮುಕ್ಕಾಲಿಗ್ ವಾಪಸ್ ಬಂದದ್ದ್. ಮತ್ತೆ ಹಾಳಿ ಎಲ್ಲ ಜೋಡ್ಸಿಟ್ಟ್, ಐದ್ ಗಂಟಿಗ್ ಗುಡ್ಸಿ ಹೋದೆ."

ಹಾಗಾದರೆ ಅವಳು ರಸ್ತೆ ದಾಟುತ್ತಿದ್ದ ಹೊತ್ತಿನಲ್ಲಿ ಅವಳ ಪರದೆ ತಾನಾಗಿಯೇ ಕೋಣೆ ಬದಲಿಸಿತೇ? ಯಾರೋ ಅಲ್ಲಿ ನಿಂತು, ಅವಳ ಹೆಸರಿನಲ್ಲಿ ತಿದ್ದುಪಡಿ ಕೋಣೆಗೆ ಹೋಗಿ, ವಾಪಸು ತಂದು ನಿಲ್ಲಿಸದೆ ಹೊರಟುಹೋಗಿದ್ದಾರೆ. ಅಕ್ಷಿತಾ ಬಂದು, ತನ್ನ ಕೋಣೆಯಲ್ಲೇ ಇದ್ದೇನೆಂದು ತಿಳಿದು, ದಿನದ ಹಾಗೆ ಗುಡಿಸಿದ್ದಾಳೆ. ಸುರಕ್ಷಾಳಿಗೆ ಮೈ ಉರಿಯಿತು. ಎಂಥ ಜನ ಇವರು! ಒಂದು ಹುಡುಗಿ ಬೆಳಿಗ್ಗೆಯಿಂದ ಕಣ್ಣೀರು ಹಾಕುತ್ತಿದ್ದಾಳೆ, ಮಾಡಿದವರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರಲ್ಲ!

ಇಲ್ಲೊಂದು ತಪ್ಪು ಮಾಡಿದಳು ನೋಡಿ. ಪೆಟ್ಟಿಗೆ ಸಾಕುವವಳು ಇನ್ನಷ್ಟು ಪೆಟ್ಟಿಗೆಯನ್ನೇ ಕೇಳಬೇಕಿತ್ತು. ಸಿಟ್ಟು ನೆತ್ತಿಗೇರಿದ್ದರಿಂದ ಮನುಷ್ಯರನ್ನು ಕೇಳಲು ಹೊರಟಳು. ನಾಲ್ಕೂವರೆಗೆ ನಾಲ್ವರು ಕೆಳಗೆ ಚಾ ಕುಡಿಯಲು ಹೋಗಿದ್ದರು, ಅಂಗಡಿಯವನೇ ಸಾಕ್ಷಿ. ಮೇಲೆ ಉಳಿದವರು ಜಲಜಕ್ಕ ಒಬ್ಬರು, ಮಂಡಿನೋವೆಂದು ಮೆಟ್ಟಿಲು ಇಳಿದಿರಲಿಲ್ಲ.

"ಜಲಜಕ್ಕ, ನಿನ್ನೆ ಅಕ್ಷಿತಾನ್ ಪರ್ದಿ ಮುಟ್ಟಿದ್ರ್ಯಾ ನೀವ್?"

ಜಲಜಕ್ಕನ ಕೈ ಕೀಲಿಮಣೆಯ ಮೇಲೆ ನಿಂತಿತು. "ನಾನಾ?"

"ಮೇಲಿದ್ದದ್ದ್ ನೀವೊಬ್ರೇ. ತಪ್ಪಾಯಿದ್ರೆ ತಪ್ಪಾಯ್ತ್ ಅನ್ನಿ, ಮುಗೀತ್. ಆ ಹೆಣ್ಣನ್ ಜೀವ ತಿನ್ಬೇಡಿ."

"ಹತ್ತ್ ವರ್ಷದಗ್ ನನ್ನತ್ರ ಹೀಂಗೆ ಮಾತಾಡದ್ದ್ ನೀನೇ ಮೊದ್ಲ್ ಸುರಕ್ಷಾ" ಎಂದು ಜಲಜಕ್ಕ ಮೆಲ್ಲಗೆ ಹೇಳಿದರು. ಕಣ್ಣು ತುಂಬಿ ಬಂತು. "ಮುಟ್ಲ ನಾನ್. ಮೂಲಿಲಿ ಕೂಕಂಡ್ ಮಗ್ಳತ್ರ ಫೋನಗ್ ಮಾತಾಡ್ತಾ ಇದ್ದೆ. ಕನ್ನಡ್ಕ ತೆಗ್ದಿಟ್ಟಿದ್ದೆ. ಅಕ್ಷಿತಾನ್ ಮೇಜಿನತ್ರ ಯಾರೋ ಇದ್ದಿರ್. ಅವ್ಳೇ ಅಂದ್ಕಂಡೆ. ಕೂಕಣ್ಲ, ನಿತ್ಕಂಡೇ ಬಗ್ಗಿ ಎಂತದೋ ಹೊಡ್ದ್ ಹೋದ್ರ್. ಒಂದ್ ನಿಮಿಷ ಸಮಾ ಆಯ್ಲ."

"ಯಾರ್?"

"ಕಂಡಿರೆ ಹೇಳ್ತಿರ್ಲ್ಯಾ?"

ಸುರಕ್ಷಾ ನಂಬಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಹೀಗೆ ಕಣ್ಣು ತುಂಬಿಕೊಳ್ಳುವುದು ಎಂದು ಮನಸ್ಸಿನಲ್ಲೇ ಅಂದುಕೊಂಡು ತನ್ನ ಮೂಲೆಗೆ ಬಂದಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬುತ್ತಿ ಬಿಚ್ಚುವ ಮೇಜಿಗೆ ಜಲಜಕ್ಕ ಬರಲಿಲ್ಲ. ಅಕ್ಷಿತಾಳೂ ಬರಲಿಲ್ಲ. ಸುರಕ್ಷಾ ಒಂದು ತುತ್ತು ಅನ್ನ ಬಾಯಿಗಿಟ್ಟು ಡಬ್ಬಿ ಮುಚ್ಚಿದಳು. ಕೈಯಲ್ಲಿ ಪುರಾವೆ ಇಲ್ಲದೆ ಹೆಸರು ಹೇಳುವ ಹಾಗಿಲ್ಲ. ಗಂಟೆ ಎರಡಾಗಿತ್ತು.

ಆಗ, ನಿನ್ನೆ ಹಿಂದಿನ ಸಾಲು ನೋಡದೆ ಬಿಟ್ಟದ್ದು ನೆನಪಾಯಿತು. ಯಾರು ಏನು ಟೈಪು ಮಾಡಿದರೆಂಬ ಸಾಲುಗಳನ್ನು ಪೆಟ್ಟಿಗೆ ಅವರವರ ಹೆಸರಿನಲ್ಲಿ ಉಳಿಸಿಕೊಂಡಿರುತ್ತದೆ. ಅಕ್ಷಿತಾಳ ಹೆಸರಿನ ಆ ಕಡತವನ್ನು ತೆರೆದಳು. ಕೊನೆಯ ಸಾಲು: ಇಲ್ಲಿರುವುದನ್ನೆಲ್ಲ ಅಳಿಸು. ಅದರ ಮೇಲೆ ಎರಡು ಸಾಲು. ಒಂದು, ತಿದ್ದುಪಡಿ ಕೋಣೆಗೆ ಹೋಗು. ಇನ್ನೊಂದು, ಇಲ್ಲಿ ಎಷ್ಟು ಕಡತಗಳಿವೆ, ಎಣಿಸು.

ಎಣಿಸು.

ಸುರಕ್ಷಾ ಆ ಸಾಲನ್ನು ನೋಡುತ್ತ ಕೂತಳು. ಜಲಜಕ್ಕನಿಗೆ ಎಣಿಸಲು ಬರುವುದಿಲ್ಲ. ಆರು ಮಂದಿಯಲ್ಲಿ ಯಾರಿಗೂ ಬರುವುದಿಲ್ಲ. ಪಟ್ಟಿ ಮಾಡಿಸಿ, ಅದನ್ನು ಇನ್ನೊಂದು ಅಪ್ಪಣೆಗೆ ದಾಟಿಸಿ ಎಣಿಸುವ ಆ ಸಾಲನ್ನು ಅವಳು ಯಾರಿಗೂ ಕಲಿಸಿರಲಿಲ್ಲ. ಈ ಮಾಳಿಗೆಯಲ್ಲಿ ಅದನ್ನು ಬಲ್ಲವರು ಒಬ್ಬರೇ.

ಮೊಬೈಲು ತೆಗೆದು ನೋಡಿದಳು. ಉಲ್ಲಾಸನಿಗೆ ಕಳಿಸಿದ ಮೆಸೇಜು: ಇನ್ನೂರ ಹದಿನಾಲ್ಕು ಗದ್ದೆ ಆಯ್ತು. ಬುಧವಾರ, ನಾಲ್ಕು ಗಂಟೆ ಮೂವತ್ತೇಳು ನಿಮಿಷ.

ಎಲ್ಲ ನೆನಪಾಯಿತು. ಉಲ್ಲಾಸ ಮುಂಬಯಿಯವರೊಡನೆ ಫೋನಿನಲ್ಲಿದ್ದ, ಎಷ್ಟಾಯಿತೆಂದು ಗಾಜಿನಾಚೆಯಿಂದ ಕೈಸನ್ನೆಯಲ್ಲಿ ಕೇಳಿದ. ಇವಳು ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳು. ಹತ್ತಿರ ಇದ್ದದ್ದು ಅಕ್ಷಿತಾಳ ಮೇಜು. ಬೀಗವಿಲ್ಲದ ಪರದೆ. ಬಗ್ಗಿದಳು, ಹೊಡೆದಳು, ಸಂಖ್ಯೆ ನೋಡಿದಳು, ಮೆಸೇಜು ಕಳಿಸುತ್ತ ನಡೆದಳು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ, ನೆನಪಿಟ್ಟುಕೊಳ್ಳುವುದೇನಿದೆ?

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಬೆಳಿಗ್ಗೆಯಿಂದ ಪರರ ಎಲೆಯ ನೊಣ ಹುಡುಕಿದ್ದಳು.

ಸುರಕ್ಷಾ ಸುತ್ತ ನೋಡಿದಳು. ಈ ಕಡತ ತೆರೆಯುವ ಅಧಿಕಾರ ಅವಳೊಬ್ಬಳಿಗೇ ಇತ್ತು. ಎರಡು ಸಾಲು ಅಳಿಸಿದರೆ ಸಾಕು, ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಪರದೆಯೇ ಕೆಟ್ಟಿತ್ತು, ಯಾರ ತಪ್ಪೂ ಅಲ್ಲ ಎಂದು ಹೇಳಿದರೆ ಅಕ್ಷಿತಾಳೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ಸುಳ್ಳಿನಲ್ಲೂ ಒಂದು ಪುಣ್ಯ ಕಂಡಿತು ಅವಳಿಗೆ. ಬೆಳಿಗ್ಗೆ ಅಷ್ಟು ದೊಡ್ಡ ಬಾಯಿ ಮಾಡದಿದ್ದರೆ ಈ ಸುಳ್ಳೂ ಬೇಕಿರಲಿಲ್ಲ ಎಂದೂ ಅನಿಸಿತು. ಬೆರಳು ಕೀಲಿಮಣೆಯ ಮೇಲೆ ಹೋಯಿತು.

ಆದರೆ ಪರದೆ ಕೆಟ್ಟಿತ್ತೆಂದರೆ ಅಮಾಸೆಬೈಲಿನಲ್ಲಿ ಯಾರು ನಂಬುತ್ತಾರೆ? ಹುಡುಗಿಯನ್ನು ಉಳಿಸಲು ಕಟ್ಟಿದ ಕಥೆ ಎನ್ನುತ್ತಾರೆ. ಇನ್ನು ಜಲಜಕ್ಕ ಹಸಿದು ಕೂತಿದ್ದಾರೆ. ಸುರಕ್ಷಾ ಬೆರಳು ತೆಗೆದಳು. ಹಟ ಮಾಡುವುದಾದರೆ ಪೂರ್ತಿ ಮಾಡಬೇಕು, ತನ್ನ ಬಾಗಿಲಿಗೆ ಬಂದಾಗ ತಿರುಗಿ ಹೋಗುವ ಹಟ ಯಾವ ಹಟ? ಪಟ್ಟಿಯನ್ನೂ ಸಾಲುಗಳನ್ನೂ ಮುದ್ರಿಸಿ ತೆಗೆದಳು. ಎರಡು ಹಾಳೆ ಆಯಿತು.

ನಾಲ್ಕು ಗಂಟೆಗೆ ಕಾಯಲಿಲ್ಲ. ಮೂರಕ್ಕೇ ಎಲ್ಲರನ್ನೂ ಕರೆದಳು. ಉಲ್ಲಾಸ ಗಾಜಿನ ಕೋಣೆಯಿಂದ ಹೊರಬಂದ. ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತು ಸುರಕ್ಷಾ ಹಾಳೆ ಓದಿದಳು. ಗಂಟೆ, ನಿಮಿಷ, ಕೋಣೆ. ಎಣಿಸುವ ಸಾಲು. ಮೆಸೇಜು.

"ಕೋಣಿ ಬದ್ಲ್ ಮಾಡ್ ಹೋದ್ದ್ ನಾನ್" ಎಂದಳು. "ಅಕ್ಷಿತಾ ರಸ್ತಿ ದಾಂಟ್ಸುಕ್ ಹೋದತಿಗೆ ಅವ್ಳ್ ಪರ್ದಿ ಮುಟ್ಟದ್ದ್ ನಾನ್. ವಾಪಸ್ ತಂದ್ ನಿಲ್ಸ್ಲ. ಅವ್ಳ್ ಗುಡ್ಸದ್ದ್ ಅವ್ಳ್ ಕೋಣಿ ಅಂದೇಳಿ. ಎಲ್ಲಿ ನಿಂತಿದ್ರಿ ಅಂದೇಳಿ ಕಾಂಬ ಹಾಂಗೆ ಇದ್ದದ್ದನ್ನ ತೆಗ್ದ್ ಹಾಕದ್ದೂ ನಾನೇ. ಹಿಂದಿನ್ ಸಾಲ್ ಕಾಣ್ದೆ ಅವ್ಳ್ ಹೆಸ್ರ್ ಹೇಳದ್ದೂ ನಾನೇ." ತಿರುಗಿ ನೋಡಿ, "ಜಲಜಕ್ಕ, ನೀವ್ ಕಂಡ ಬೆನ್ನ್ ನಂದ್. ನಿಮ್ಮ್ ಬಾಯಿಗ್ ಬಪ್ಪ ಅನ್ನ ತಪ್ಸಿದೆ, ಅದೂ ನನ್ನ್ ಲೆಕ್ಕಕ್ಕೇ ಇರ್ಲಿ" ಎಂದಳು.

ಉಲ್ಲಾಸ ಹಾಳೆ ಇಸಿದುಕೊಂಡು ಎರಡು ಸಲ ಓದಿದ.

"ಆಯ್ತ್ ಬಿಡಿ. ಗೊತ್ತಿಲ್ದೆ ಆದ್ದ್. ನೀವ್ ಹೋದ್ರೆ ಈ ಪೆಟ್ಗಿ ಕಾಂಬುದ್ ಯಾರ್? ನಾಳೆಯಿಂದ ಜಾಗ್ರತಿ ಮಾಡ್ವ."

"ಬೆಳಿಗ್ಗೆ ಅಕ್ಷಿತಾಗ್ ಹೀಂಗ್ ಹೇಳ್ಲ ಅಲ್ದಾ ನೀವ್" ಎಂದಳು ಸುರಕ್ಷಾ. "ಅವ್ಳಿಗ್ ಒಂದ್ ನ್ಯಾಯ, ನಂಗೊಂದಾ? ಪೆಟ್ಗಿ ಕಾಂಬುಕ್ ಬಪ್ಪವ್ಳ್ ಅಂದೇಳಿ ನನ್ನ್ ಬಿಡುದಾರೆ, ನಾನೇ ಹೋತೆ."

ಉಲ್ಲಾಸನ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯನೇ, ಆದರೆ ಯಜಮಾನನ ನಾಲಿಗೆಗೆ ತಪ್ಪಾಯಿತು ಎನ್ನುವುದು ಸುಲಭವಲ್ಲ. ಕೊನೆಗೆ ಬೆಂಚಿನ ಕಡೆ ತಿರುಗಿ, "ಅಕ್ಷಿತಾ, ನಂದೂ ತಪ್ಪಾಯ್ತ್. ನಾನ್ ಹಾಂಗ್ ಕೂಗಾಡಿದ್ದ್ ಸಮ ಅಲ್ಲ. ಹೋಯ್ ನಿನ್ನ್ ಜಾಗದಗ್ ಕೂಕೋ. ಯಾರೂ ಹೋಪುದ್ ಬ್ಯಾಡ" ಎಂದ.

ಅಕ್ಷಿತಾ ಏಳಲಿಲ್ಲ. ಸುರಕ್ಷಾಳನ್ನೇ ನೋಡುತ್ತಿದ್ದಳು. "ಅಕ್ಕ, ರಾತ್ರಿಯಿಡೀ ನಾನೇ ಮಾಡಿದ್ನಾ ಅಂದೇಳಿ ನಂಗೇ ಅನ್ಸುಕ್ ಶುರುವಾಯ್ತ್. ನನ್ನ್ ಕೈಯನ್ನೇ ನಾನ್ ನಂಬ್ಲ" ಎಂದಳು. ಜಲಜಕ್ಕ ಎದ್ದು ಬಂದು, ತಮ್ಮ ಬುತ್ತಿ ಬಿಚ್ಚಿ, ಒಂದು ಪಾಲು ಅಕ್ಷಿತಾಳ ಮುಂದಿಟ್ಟರು. ಸುರಕ್ಷಾಳ ಮುಂದೆ ಇಡಲಿಲ್ಲ. ಇಡಬೇಕಾದ ದಿನ ಅದಾಗಿರಲಿಲ್ಲ.

ಮೂರು ದಿನದ ಮಾತು ಹೋಗಿತ್ತು, ಅದು ಪೆಟ್ಟಿಗೆಯಲ್ಲಿ ಹುಡುಕಿದರೆ ಬರುವುದಿಲ್ಲ. ಇದ್ದದ್ದು ಚಂದಯ್ಯಜ್ಜನ ತಲೆಯಲ್ಲಿ. ಶನಿವಾರ ಬೆಳಿಗ್ಗೆ ಸುರಕ್ಷಾ ಬ್ರಹ್ಮಾವರದಿಂದ ಮೊದಲ ಬಸ್ಸು ಹಿಡಿದು ಕುಂದಾಪುರಕ್ಕೆ, ಅಲ್ಲಿಂದ ಅಮಾಸೆಬೈಲಿನ ಬಸ್ಸು ಹತ್ತಿದಳು. ನಾನೂ ಬರುತ್ತೇನೆ ಎಂದ ಅಕ್ಷಿತಾಳಿಗೆ, ನೀನು ಮನೆಯಲ್ಲೇ ಇರು, ನಾನು ಅಜ್ಜನ ಹತ್ತಿರ ಮಾತಾಡಿದ ಮೇಲೆ ಬಾ ಎಂದು ಹೇಳಿದ್ದಳು. ಬಸ್ಸು ಘಟ್ಟದ ಬುಡಕ್ಕೆ ಹತ್ತುತ್ತಿದ್ದ ಹಾಗೆ, ಏನು ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತೆಲ್ಲ ಒಂದೊಂದೇ ಉದುರಿಹೋಯಿತು.

ಅಜ್ಜ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಸುರಕ್ಷಾ ಕೂರಲಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಕ್ಷಿತಾಳದ್ದು ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದಳು.

ಅಜ್ಜ ಹೊಸೆಯುವುದನ್ನು ನಿಲ್ಲಿಸಿದರು. ಸಿಟ್ಟು ಬಂದಿತ್ತು, ಬರದೆ ಇರುತ್ತದೆಯೇ? ಮೂರು ದಿನ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋಗಿ ಹೇಳಿದ್ದು.

"ಕೂಗದೆ ಇಳ್ದೆ ನೀನ್" ಎಂದರು.

"ಹೌದ್ ಅಜ್ಜ."

"ಇನ್ನೊಂದ್ ಸಲ ಆ ಮಾಳ್ಗಿ ಹತ್ತುಕ್ ನನ್ನ್ ಕೈಲ್ ಆತಿಲ್ಲ."

"ಗೊತ್ತಿತ್ತ್. ನಾನೇ ಬತ್ತೆ. ಎಷ್ಟ್ ದಿನ ಆರೂ ಬತ್ತೆ. ಇಲ್ಲೇ ಕೂಕಂಡ್ ನೀವ್ ಹೇಳಿ, ನಾನ್ ಬರ್ಕಂತೆ" ಎಂದು ಸುರಕ್ಷಾ ಚೀಲದಿಂದ ನೋಟುಪುಸ್ತಕ ತೆಗೆದಳು.

"ಇಲ್ಲ್ ಕೂಕಂಡ್ ಹೇಳಿರೆ ನಿಂಗ್ ತಲಿಗ್ ಹತ್ತುದಿಲ್ಲ" ಎಂದು ಅಜ್ಜ ಎದ್ದರು. ಮೂಲೆಯ ಕೋಲು ತೆಗೆದುಕೊಂಡರು. ಅಂಗಳದ ತುದಿಗೆ ಬಂದು, "ಹ್ವಾಯ್ ಅಕ್ಷಿತಾ" ಎಂದು ಕೆಳಗಿನ ಮನೆಯ ಕಡೆ ಒಂದು ಕೂಗು ಹಾಕಿದರು. ಎಂಬತ್ತೆರಡರ ಗಂಟಲು ಎಂದು ಯಾರೂ ಹೇಳಲಾರರು. "ಬಾ, ಬರುಕ್ ಜನ ಬೇಕ್. ನಿನ್ನ್ ಅಕ್ಷರವೇ ಲಾಯ್ಕ್."

ಕೊಯ್ಲು ಮುಗಿದು ಉದ್ದು ಬಿತ್ತಿದ ಬೈಲು ಕಣ್ಣು ಹಾಯುವಷ್ಟೂ ಹರಡಿತ್ತು. ಹೊರಗಿನವರಿಗೆ ಎಲ್ಲ ಗದ್ದೆಯೂ ಒಂದೇ. ಅಜ್ಜ ಮೊದಲನೆಯ ಅಂಚಿನ ಮೇಲೆ ನಿಂತು ಕೋಲು ನೆಟ್ಟರು. ಅಕ್ಷಿತಾ ಓಡಿ ಬಂದು ಸುರಕ್ಷಾಳ ನೋಟುಪುಸ್ತಕ ಬಿಚ್ಚಿದಳು. ಸುರಕ್ಷಾ ಚಪ್ಪಲಿ ಕಳಚಿ ಗದ್ದೆಗೆ ಕಾಲು ಇಡಲು ಹೋದಳು, ಅಜ್ಜನ ಕೋಲು ಅವಳೆದುರು ಅಡ್ಡ ಬಂತು.

ಸುರಕ್ಷಾ ಕಾಲು ಹಿಂದೆ ತೆಗೆದಳು. "ಇದ್ರ್ ಹೆಸ್ರ್ ಎಂತ ಅಜ್ಜ?" ಎಂದಳು.

"ಸೊಸಿಗದ್ದಿ."

ಅವಳು ಬೈಲಿನ ಕಡೆ ಮುಖ ಮಾಡಿ, ಇದ್ದ ಸ್ವರವನ್ನೆಲ್ಲ ಸೇರಿಸಿ ಕೂಗಿದಳು: "ನಾನ್ ಸುರಕ್ಷಾ, ಸೊಸಿಗದ್ದಿಗ್ ಇಳಿತಾ ಇದ್ದೆ."

ಅಜ್ಜ ಕೋಲು ತೆಗೆದರು. ಅಕ್ಷಿತಾ ಪುಸ್ತಕದ ಮೊದಲ ಸಾಲಿನಲ್ಲಿ ಒಂದು ಎಂದು ಬರೆದಳು. ಇನ್ನೂ ಇನ್ನೂರ ಹದಿಮೂರು ಗದ್ದೆಗಳಿದ್ದವು.